ಕಲ್ಯಾಣದ ಬಂದರೂ ದಡಕ್ಕಿಳಿದ ಪರದೇಶಿಯೂ

ಮುಂಜಾನೆಯ ಗಾಡಿಯಲ್ಲಿ ಡೊಂಬಿವಲಿಯಿಂದ ಠಾಣೆಯ ಕಡೆಗೆ ಹೊರಟ ನಮ್ಮವರಿಗೆ ಮುಂಬ್ರಾದ ಹತ್ತಿರ ಖಾಡಿಯ ನೀರು ಕಾಣುತ್ತದೆ. ಕಾಣುತ್ತದೆ ಎಂದೆವೇ ಹೊರತು ನಾವು ಅದನ್ನು ನೋಡುತ್ತೇವೆ ಎನ್ನಲಿಲ್ಲ. ನಿಲ್ಲಲು ಜಾಗ ಸಿಕ್ಕಿದ್ದೇ ಪುಣ್ಯವೆಂದು ತಿಳಿದವನಿಗೆ ಕಿಟಕಿಯಾಚೆಯ ನೀರಿನ ಗೊಡವೆ ಎಲ್ಲಿಯದು? 1853ರ ಏಪ್ರಿಲ್ 16ರಂದು ಬೋರಿಬಂದರದಿಂದ ಠಾಣೆಗೆ ಮೊದಲ ಪ್ರಯಾಣಿಕರ ರೈಲುಗಾಡಿ ಓಡಿದ ಸಂಗತಿಯನ್ನು ನಮ್ಮ ಮಕ್ಕಳು ಪಾಠಪುಸ್ತಕದಲ್ಲಿ ಓದುತ್ತಾರೆ. ಅದಕ್ಕೂ ಸುಮಾರು 1800 ವರ್ಷಗಳ ಹಿಂದೆ ಇದೇ ಖಾಡಿಗಳ ಬಾಯಿಗೆ ಮಿಸರ ದೇಶದ ಕಡೆಯಿಂದ ಗ್ರೀಕರ ಹಡಗುಗಳು ಬರುತ್ತಿದ್ದವೆಂಬುದನ್ನೂ, ಬಂದವರು ದಡಕ್ಕಿಳಿಯಬಹುದೇ ಕೂಡದೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತೆಂಬುದನ್ನೂ ಬಲ್ಲವರು ವಿರಳ. ಈ ರಾಜ್ಯೋತ್ಸವದ ಸಂಚಿಕೆಯಲ್ಲಿ ಆ ಹಳೆಯ ಪ್ರಶ್ನೆಯನ್ನೇ ವಾಚಕರ ಮುಂದಿಡಬೇಕೆಂದು ನಮಗೆ ತೋರಿತು.

ಅದಕ್ಕೊಂದು ನಿಮಿತ್ತವೂ ಒದಗಿ ಬಂತು. ನಮ್ಮ ಪರಿಚಯದ ಕುಟುಂಬವೊಂದು ರಜೆಯಲ್ಲಿ ವಿಹಾರ ನೌಕೆಯೊಂದರಲ್ಲಿ, ಅಂದರೆ ಈಗಿನವರು ಕ್ರೂಸ್ ಎನ್ನುವ ಹಡಗಿನಲ್ಲಿ, ಹೊರದೇಶಗಳನ್ನು ಸುತ್ತಿ ಬಂತು. ಒಂದು ಬಂದರಿನಲ್ಲಿ ವೀಸಾ ಇಲ್ಲದೆಯೇ ಬೆಳಗಿನಿಂದ ಸಂಜೆಯವರೆಗೆ ಊರು ನೋಡಿಬರಲು ಅವರನ್ನು ಬಿಟ್ಟರಂತೆ. ಮನೆಯ ಹಿರಿಯರಾದ ಅಜ್ಜನವರಿಗೆ ಇದು ನಂಬುವ ಮಾತೆನಿಸಲಿಲ್ಲ. “ಅಲ್ಲವೋ ತಮ್ಮಾ, ವೀಸಾ ಇಲ್ಲದೆ ಪರದೇಶದ ನೆಲಕ್ಕೆ ಕಾಲಿಡಗೊಟ್ಟರೆ? ಯಾರ ಹೊಣೆಯ ಮೇಲೆ ಬಿಟ್ಟರು?” ಎಂದು ಅವರು ಮೊಮ್ಮಗನನ್ನು ಕೇಳಿದರು. ಮೊಮ್ಮಗನು ನಕ್ಕುಬಿಟ್ಟನು. ಆದರೆ ಅಜ್ಜನವರ ಪ್ರಶ್ನೆ ನಗುವಂಥದಲ್ಲ. ‘ಯಾರ ಹೊಣೆಯ ಮೇಲೆ’ ಎಂಬ ಆ ಮೂರು ಮಾತುಗಳಲ್ಲಿಯೇ ಈ ಪ್ರಬಂಧದ ತಿರುಳೆಲ್ಲ ಅಡಗಿದೆ.

ಮೊದಲು ಈಗಿನ ಕಟ್ಟಳೆಯನ್ನು ತಿಳಿದುಕೊಳ್ಳೋಣ. 1965ರ ಏಪ್ರಿಲ್ ತಿಂಗಳಲ್ಲಿ ಲಂಡನ್ನಿನಲ್ಲಿ ಅನೇಕ ರಾಷ್ಟ್ರಗಳು ಸೇರಿ ಸಮುದ್ರಸಂಚಾರದ ಸೌಕರ್ಯಕ್ಕಾಗಿ ಒಂದು ಒಪ್ಪಂದವನ್ನು ಮಾಡಿಕೊಂಡವು. ಹಡಗು, ಹಡಗಿನವರು, ಪ್ರಯಾಣಿಕರು ಬಂದರಿನಲ್ಲಿ ವೃಥಾ ಕಾಗದಪತ್ರಗಳ ಕಾಟಕ್ಕೆ ಸಿಕ್ಕಬಾರದೆಂಬುದೇ ಅದರ ಉದ್ದೇಶ. ವಿಹಾರ ನೌಕೆ ಒಂದು ಬಂದರಿನಲ್ಲಿ 72 ಗಂಟೆಗಳಿಗಿಂತ ಕಡಮೆ ಕಾಲ ನಿಲ್ಲುವುದಾದರೆ, ವಿಶೇಷ ಕಾರಣಗಳಿದ್ದ ಹೊರತು, ಅದರ ಪ್ರಯಾಣಿಕರಿಗೆ ವೀಸಾ ಬೇಡವೆಂದು ಆ ಒಪ್ಪಂದದ ಕಲಮೊಂದು ಸೂಚಿಸುತ್ತದೆ. ಇದು ಸಲಹೆಯೇ ಹೊರತು ಆಜ್ಞೆಯಲ್ಲ. ಪಾಲಿಸುವುದೂ ಬಿಡುವುದೂ ಆಯಾ ದೇಶದ ಇಷ್ಟ. ರಶಿಯಾ ದೇಶವು 2009ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ಬಂದರಿಗೆ ಹಡಗಿನಲ್ಲಿ ಬಂದು, ಏರ್ಪಾಡಾದ ಪ್ರವಾಸದ ತಂಡದೊಡನೆ ಊರು ನೋಡುವವರಿಗೆ ಇದೇ 72 ಗಂಟೆಗಳ ರಿಯಾಯತಿಯನ್ನು ಕೊಟ್ಟಿತು. ಜಪಾನು 2015ರಲ್ಲಿ ಗೊತ್ತುಮಾಡಿದ ಹಡಗುಗಳ ಪ್ರಯಾಣಿಕರಿಗಾಗಿ ವಿಶೇಷ ಇಳಿಯುವ ಪರವಾನಿಗೆಯನ್ನು ತಂದಿತು. ಚೀನವು 2016ರಲ್ಲಿ ಶಾಂಘಾಯಿಗೆ ಹಡಗಿನಲ್ಲಿ ಬರುವ ಪ್ರವಾಸಿ ತಂಡಗಳಿಗೆ 15 ದಿನಗಳ ವೀಸಾ ವಿನಾಯತಿಯನ್ನು ಕೊಟ್ಟು, 2024ರ ಮೇ ತಿಂಗಳಲ್ಲಿ ಅದನ್ನು ತನ್ನ ಕರಾವಳಿಯ ಇತರ ಪ್ರಾಂತಗಳಿಗೂ ವಿಸ್ತರಿಸಿತು.

ವಿಮಾನದಿಂದ ಇಳಿದವನಿಗೆ ಇಲ್ಲದ ಈ ರಿಯಾಯತಿ ಹಡಗಿನಿಂದ ಇಳಿದವನಿಗೇಕೆ? ಕಾರಣ ಸರಳವಾಗಿದೆ. ಹಡಗಿನ ಪ್ರಯಾಣಿಕನ ಹಾಸಿಗೆ, ಊಟ, ಗಂಟುಮೂಟೆ ಎಲ್ಲವೂ ಹಡಗಿನಲ್ಲಿಯೇ ಇರುತ್ತವೆ. ಹಡಗು ದಡ ಮುಟ್ಟುವ ಮುನ್ನವೇ ಅವನ ಹೆಸರು ಬಂದರಿನ ಅಧಿಕಾರಿಗಳಿಗೆ ತಲುಪಿರುತ್ತದೆ. ಅವನು ಬಂದ ಹಡಗಿನಲ್ಲಿಯೇ ಮರಳಬೇಕು. ಮರಳದಿದ್ದರೆ ಹಡಗಿನ ಕಂಪನಿಯವರು ಉತ್ತರ ಹೇಳಬೇಕು. ಸಾರಾಂಶವೇನೆಂದರೆ, ದಡಕ್ಕಿಳಿದವನನ್ನು ನಂಬಿ ಬಿಡುವುದಲ್ಲ, ಅವನ ಹಿಂದೆ ನಿಂತಿರುವ ಹೊಣೆಗಾರನನ್ನು ನಂಬಿ ಬಿಡುವುದು. ಹಡಗು ತಪ್ಪಿಸಿಕೊಂಡವನಿಗೆ ಆ ಕ್ಷಣದಿಂದಲೇ ರಿಯಾಯತಿಯ ಬಲವು ಕಳಚಿ ಬೀಳುತ್ತದೆ. ಆದುದರಿಂದ ಹೋಗುವವರು ಹೊರಡುವ ಮುನ್ನ ಪ್ರತಿಯೊಂದು ಬಂದರಿನ ಕಟ್ಟಳೆಯನ್ನೂ ವಿಚಾರಿಸಿಕೊಳ್ಳುವುದು ಕ್ಷೇಮ. ಒಂದು ದೇಶದಲ್ಲಿ ಸಿಕ್ಕ ಸಲಿಗೆ ಮುಂದಿನ ದೇಶದಲ್ಲಿ ಸಿಕ್ಕೀತೆಂಬ ಭರವಸೆಯಿಲ್ಲ.

ನಮ್ಮ ದೇಶದ ನಡೆ ಸ್ವಲ್ಪ ಬೇರೆ. ಹಡಗಿನಲ್ಲಿ ಬಂದವರಿಗೂ ನಮ್ಮಲ್ಲಿ ವೀಸಾ ಬೇಕು. ಆದರೆ ಮನೆಯಲ್ಲಿ ಕುಳಿತೇ ಪಡೆಯಬಹುದಾದ ಇ-ವೀಸಾವನ್ನು 2017ರಿಂದ ಕೆಲವು ಬಂದರುಗಳಿಗೂ ಅನ್ವಯಿಸಿದರು. ಆ ಮೊದಲ ಪಂಕ್ತಿಯಲ್ಲಿಯೇ ನಮ್ಮ ಮಂಗಳೂರು ಇತ್ತೆಂಬುದು ಕನ್ನಡಿಗರು ಹೆಮ್ಮೆಪಡಬೇಕಾದ ವಿಷಯ. ಹೊಸ ಮಂಗಳೂರು ಬಂದರಿನಲ್ಲಿ ಬೆಳಿಗ್ಗೆ ಇಳಿದ ಪರದೇಶದವರು ಕಾರ್ಕಳದ ಗೊಮ್ಮಟನನ್ನೂ ಮೂಡಬಿದಿರೆಯ ಸಾವಿರ ಕಂಬದ ಬಸದಿಯನ್ನೂ ನೋಡಿಕೊಂಡು ಸಂಜೆಗೆ ಹಡಗು ಸೇರುತ್ತಾರೆ. ಇತ್ತ ಮುಂಬಯಿಯಲ್ಲಿ ಇಳಿದವರು ಘಾರಾಪುರಿಯ ಗುಹೆಗಳಿಗೆ ಹೋಗಿಬರುತ್ತಾರೆ.

ಇವೆಲ್ಲ ಹೊಸ ಕಾಲದ ಹೊಸ ಮಾತುಗಳೆಂದು ತಿಳಿಯುವವರು ನಮ್ಮೊಡನೆ ಕಲ್ಯಾಣಕ್ಕೆ ಬರಬೇಕು. ಕನ್ನಡಿಗರ ಮುಂದೆ ‘ಕಲ್ಯಾಣ’ ಎಂದೊಡನೆ ಚಾಲುಕ್ಯರ ರಾಜಧಾನಿಯಾಗಿ ಮೆರೆದ, ಶಿವಶರಣರ ಪಾದಧೂಳಿಯಿಂದ ಪವಿತ್ರವಾದ ಬೀದರ ಜಿಲ್ಲೆಯ ಬಸವಕಲ್ಯಾಣವೇ ನೆನಪಿಗೆ ಬರುತ್ತದೆ. ನಾವು ಹೇಳುವುದು ಅದಲ್ಲ. ಉಲ್ಹಾಸ ನದಿಯ ಮಗ್ಗುಲಲ್ಲಿರುವ, ನಮ್ಮಲ್ಲಿ ಎಷ್ಟೋ ಜನ ಬಾಡಿಗೆಯ ಮನೆ ಹಿಡಿದು ಸಂಸಾರ ಹೂಡಿದ ಈ ಕಲ್ಯಾಣ. ಕಾನ್ಹೇರಿ ಗುಹೆಗಳ ಬಹು ಹಳೆಯ ಶಾಸನಗಳಲ್ಲಿ ದಾನ ಕೊಟ್ಟವರ ಊರಾಗಿ ಇದರ ಹೆಸರು ಬರುತ್ತದೆ. ವ್ಯಾಪಾರದಿಂದ ಗಳಿಸಿದವರು ಇಲ್ಲಿದ್ದರು, ಗಳಿಸಿದ್ದರಲ್ಲಿ ಧರ್ಮಕ್ಕೆ ಕೊಟ್ಟರು ಎಂಬುದಕ್ಕೆ ಆ ಬಂಡೆಗಳೇ ಸಾಕ್ಷಿ.

ಕ್ರಿಸ್ತಶಕದ ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಒಬ್ಬ ನಾವಿಕನು ಕೆಂಪು ಸಮುದ್ರದಿಂದ ಭರತಖಂಡದ ತೀರದವರೆಗಿನ ಬಂದರುಗಳ ಕೈಪಿಡಿಯೊಂದನ್ನು ಬರೆದಿಟ್ಟನು. ಬರೆದವನ ಹೆಸರು ಉಳಿದಿಲ್ಲ. ‘ಪೆರಿಪ್ಲಸ್’ ಎಂದು ಪುಸ್ತಕದ ಹೆಸರು ಉಳಿದಿದೆ. ಅದರಲ್ಲಿ ‘ಕಲ್ಲಿಯೇನ’ ಎಂದು ನಮ್ಮ ಕಲ್ಯಾಣದ ಉಲ್ಲೇಖವಿದೆ. ಹಿರಿಯ ಸರಗನಸನ ಕಾಲದಲ್ಲಿ ಇದು ಕಟ್ಟಳೆಗೊಳಪಟ್ಟ ನ್ಯಾಯವಾದ ಪೇಟೆಯಾಗಿತ್ತೆಂದೂ, ಸಂದನಸನೆಂಬವನ ಕೈಗೆ ಬಂದಮೇಲೆ ಇಲ್ಲಿಯ ವ್ಯಾಪಾರಕ್ಕೆ ಬಹಳ ಅಡ್ಡಿಯುಂಟಾಯಿತೆಂದೂ ಅವನು ಹೇಳುತ್ತಾನೆ. ಅಕಸ್ಮಾತ್ತಾಗಿ ಈ ಕಡೆಗೆ ಬಂದ ಗ್ರೀಕರ ಹಡಗುಗಳನ್ನು ಕಾವಲಿನೊಡನೆ ಬರುಗಜಕ್ಕೆ, ಎಂದರೆ ನರ್ಮದೆಯ ಮುಖದ ಭರೂಚಕ್ಕೆ, ಒಯ್ಯುತ್ತಿದ್ದರಂತೆ. ಸರಗನಸನೆಂದರೆ ಸಾತಕರ್ಣಿ, ಸಾತವಾಹನರ ಅರಸನೆಂದು ವಿದ್ವಾಂಸರು ಊಹಿಸುತ್ತಾರೆ. ಪಶ್ಚಿಮ ತೀರದ ಒಡೆತನಕ್ಕಾಗಿ ಸಾತವಾಹನರಿಗೂ ಶಕರಾದ ಕ್ಷತ್ರಪರಿಗೂ ಜಗಳ ನಡೆದ ಕಾಲವದು.

ವಾಚಕರು ಈ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಬೇಕು. ತಿಂಗಳುಗಟ್ಟಲೆ ನೀರಿನ ಮೇಲಿದ್ದ ಹಡಗಿನವರು ಕಲ್ಯಾಣದ ಗುಡ್ಡಗಳನ್ನು ಕಂಡು ಹಿಗ್ಗುತ್ತಾರೆ. ಕುಡಿಯಲು ಸಿಹಿನೀರು, ತಿನ್ನಲು ಹಸಿರು ಕಾಯಿಪಲ್ಲೆ ಸಿಕ್ಕೀತೆಂದು ಹಂಬಲಿಸುತ್ತಾರೆ. ಅಷ್ಟರಲ್ಲಿ ಕಾವಲಿನ ದೋಣಿ ಬರುತ್ತದೆ. ಇಳಿಯಕೂಡದು, ಭರೂಚಕ್ಕೆ ನಡೆಯಿರಿ ಎಂಬ ಆಜ್ಞೆಯಾಗುತ್ತದೆ. ಅವರು ಮಾಡಿದ ತಪ್ಪೇನು? ಇಬ್ಬರು ಅರಸರ ಜಗಳದ ನಡುವೆ ಬಂದದ್ದೇ ತಪ್ಪು. ನಿನ್ನೆಯವರೆಗೆ ನ್ಯಾಯವಾಗಿದ್ದ ಬಂದರು ಇಂದು ನಿಷಿದ್ಧವಾದದ್ದು ಅವರಿಗೆ ತಿಳಿಯುವ ಬಗೆಯೇ ಇರಲಿಲ್ಲ. ಕಟ್ಟಳೆ ಬಿಗಿಯಾಗಿದ್ದರೆ ವ್ಯಾಪಾರಿ ಅದಕ್ಕೆ ಹೊಂದಿಕೊಳ್ಳಬಲ್ಲನು. ಕಟ್ಟಳೆ ಏನೆಂಬುದೇ ತಿಳಿಯದಿದ್ದರೆ ಅವನು ಆ ಕಡೆ ತಲೆಹಾಕುವುದಿಲ್ಲ. ಮುಂದೆ ಕಲ್ಯಾಣವು ಚೇತರಿಸಿಕೊಂಡಿತು. 6ನೆಯ ಶತಮಾನದಲ್ಲಿ ಕಾಸ್ಮಾಸ್ ಎಂಬ ವ್ಯಾಪಾರಿಯು ‘ಕಲ್ಲಿಯಾನ’ವನ್ನು ದೊಡ್ಡ ಪೇಟೆಗಳ ಸಾಲಿನಲ್ಲಿ ಎಣಿಸಿ, ಅಲ್ಲಿ ಪರ್ಶಿಯಾದಿಂದ ನೇಮಕವಾಗಿ ಬಂದ ಕ್ರೈಸ್ತ ಗುರುವೊಬ್ಬನಿದ್ದನೆಂದು ಬರೆದಿದ್ದಾನೆ. ಅದು ಈ ಕಲ್ಯಾಣವೇ ಎಂಬುದು ಬಹುಮಂದಿ ವಿದ್ವಾಂಸರ ಮತ. ಪರದೇಶದ ಗುರು ನೆಲೆಸಬೇಕಾದರೆ ಪರದೇಶದ ಜನವೂ ನೆಮ್ಮದಿಯಿಂದ ಇಳಿಯುತ್ತಿತ್ತೆಂದೇ ಅರ್ಥ.

ಹಾಗೆಂದು ಬಂದರಿನ ಕಾವಲುಗಾರನನ್ನು ಹಳಿಯುವುದೂ ನ್ಯಾಯವಲ್ಲ. ಸಮುದ್ರದಿಂದ ಬಂದವರೆಲ್ಲ ಅತಿಥಿಗಳಾಗಿರಲಿಲ್ಲ. 7ನೆಯ ಶತಮಾನದಲ್ಲಿ ಈ ಕೊಂಕಣವು ಬಾದಾಮಿಯ ಚಾಲುಕ್ಯರ ವಶಕ್ಕೆ ಬಂತು. ಇಮ್ಮಡಿ ಪುಲಕೇಶಿಯು ನೂರಾರು ನೌಕೆಗಳೊಡನೆ ಪಶ್ಚಿಮ ಸಮುದ್ರದ ಪುರಿಯನ್ನು ಮುತ್ತಿದನೆಂದು 634ರ ಐಹೊಳೆಯ ಶಾಸನದಿಂದ ತಿಳಿಯುತ್ತದೆ. ಆ ಪುರಿಯು ಘಾರಾಪುರಿಯೇ ಆಗಿರಬಹುದೆಂದು ಕೆಲವರ ಅಭಿಪ್ರಾಯ. ಕನ್ನಡ ಅರಸನ ನೌಕಾಬಲವು ನಮ್ಮ ಈ ನೀರಿಗೇ ಬಂದಿತ್ತೆಂದು ನೆನೆದರೆ ಮೈ ಜುಮ್ಮೆನ್ನುತ್ತದೆ. ಅದಾದ ಒಂದೆರಡು ವರ್ಷಗಳಲ್ಲಿಯೇ, 636ರ ಸುಮಾರಿಗೆ, ಬಹರೇನ್ ಮತ್ತು ಓಮಾನಿನ ಅರಬ ಅಧಿಕಾರಿಯು ಹಡಗುಗಳನ್ನು ಕೂಡಿಸಿ ಠಾಣೆಯ ಮೇಲೆ ದಾಳಿ ಕಳುಹಿಸಿದನು. ಈ ಸುದ್ದಿ ಮುಟ್ಟಿದಾಗ ಖಲೀಫ ಉಮರನು ಸಿಟ್ಟಾದನೆಂದೂ, ಮರದ ತುಂಡಿನ ಮೇಲೆ ಹುಳುವನ್ನಿಟ್ಟು ನೀರಿಗೆ ಬಿಟ್ಟಂತೆ ತನ್ನ ಜನರನ್ನು ಕಡಲಿಗೆ ಬಿಟ್ಟೆಯೆಂದು ಆ ಅಧಿಕಾರಿಯನ್ನು ಜರೆದನೆಂದೂ ಅರಬ ಇತಿಹಾಸಕಾರನಾದ ಬಲಾಧುರಿ ಹೇಳುತ್ತಾನೆ. ದಿಗಂತದಲ್ಲಿ ಹಾಯಿಯೊಂದು ಕಂಡಾಗ ಅದು ಸರಕಿನದೋ ಸೈನ್ಯದ್ದೋ ಎಂದು ಠಾಣೆಯವರು ಅಂಜಿದರೆ ಅದರಲ್ಲಿ ಆಶ್ಚರ್ಯವಿಲ್ಲ.

ಈ ಅಂಜಿಕೆಗೂ ವ್ಯಾಪಾರದ ಅಗತ್ಯಕ್ಕೂ ಸಮನ್ವಯವನ್ನು ತಂದವರು ನಮ್ಮ ರಾಷ್ಟ್ರಕೂಟರು. ಅವರ ಕಾಲದಲ್ಲಿ ಉತ್ತರ ಕೊಂಕಣವನ್ನು ಅವರ ಸಾಮಂತರಾದ ಶಿಲಾಹಾರರು ಆಳುತ್ತಿದ್ದರು. ಠಾಣೆಗೂ ಬೋರಿವಲಿಗೂ ನಡುವಣ ಕಾಡಿನಲ್ಲಿರುವ ಕಾನ್ಹೇರಿಗೆ ನಮ್ಮವರು ಮಳೆಗಾಲದಲ್ಲಿ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಆದರೆ ಅಲ್ಲಿಯ ಶಕವರ್ಷ 775 ಮತ್ತು 799ರ ಶಾಸನಗಳಲ್ಲಿ ಸಾರ್ವಭೌಮನೆಂದು ಯಾರ ಹೆಸರಿದೆಯೆಂದು ಎಷ್ಟು ಜನ ಬಲ್ಲರು? ಅಮೋಘವರ್ಷನದು! ‘ಕವಿರಾಜಮಾರ್ಗ’ವು ಹುಟ್ಟಿದ ಆಸ್ಥಾನದ ಒಡೆಯನಾದ ನೃಪತುಂಗನದು! ನಾವು ಹೊರನಾಡೆಂದು ಕರೆಯುವ ಈ ನೆಲದ ಬಂಡೆಯ ಮೇಲೆ ಕನ್ನಡದ ಆದ್ಯ ಗ್ರಂಥದ ಅರಸನ ಹೆಸರು ಹನ್ನೊಂದು ಶತಮಾನಗಳಿಗೂ ಮಿಕ್ಕು ಕಾಲದಿಂದ ನಿಂತಿದೆ. ಇದನ್ನು ಹಕ್ಕು ಸಾಧಿಸಲೆಂದು ಹೇಳುತ್ತಿಲ್ಲ. ನಂಟು ಹಳೆಯದೆಂದು ತಿಳಿಸಲು ಹೇಳುತ್ತಿದ್ದೇವೆ.

ಈ ರಾಷ್ಟ್ರಕೂಟರನ್ನು ಅರಬ ಪ್ರವಾಸಿಗಳು ‘ಬಲ್ಹರಾ’ ಎಂದು ಕರೆದರು; ‘ವಲ್ಲಭರಾಜ’ ಎಂಬ ಬಿರುದಿನ ರೂಪಾಂತರವದು. ಅರಬರನ್ನು ಅವರಷ್ಟು ಆದರದಿಂದ ಕಾಣುವ ಅರಸರಿಲ್ಲವೆಂದು 9ನೆಯ ಶತಮಾನದ ವೃತ್ತಾಂತ ಹೊಗಳುತ್ತದೆ. ಹಿಜರಿ 304ರಲ್ಲಿ, ಅಂದರೆ 916ರ ಹೊತ್ತಿಗೆ, ಮಸೂದಿ ಎಂಬ ಪಂಡಿತನು ಈಗಿನ ರಾಯಗಡ ಜಿಲ್ಲೆಯ ಚೌಲ ಬಂದರಿಗೆ ಬಂದಿದ್ದನು. ಅಲ್ಲಿ ಸುಮಾರು 10,000 ಮುಸಲ್ಮಾನರಿದ್ದರೆಂದೂ, ಅವರ ವ್ಯಾಜ್ಯಗಳನ್ನು ನೋಡಿಕೊಳ್ಳಲು ಅವರಲ್ಲಿಯೇ ಒಬ್ಬ ಮುಖ್ಯಸ್ಥನನ್ನು ಅರಸನು ನೇಮಿಸುತ್ತಿದ್ದನೆಂದೂ, ಆ ಹುದ್ದೆಯನ್ನು ‘ಹುನರ್ಮಾ’ ಎನ್ನುತ್ತಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಅಜ್ಜನವರ ಪ್ರಶ್ನೆಗೆ ಇದೋ ಮೊದಲ ಉತ್ತರ. ಪರದೇಶಿಯನ್ನು ಯಾರ ಹೊಣೆಯ ಮೇಲೆ ಇಳಿಯಗೊಡಬೇಕು? ಅವನವರಲ್ಲಿಯೇ ಒಬ್ಬ ಪ್ರಾಮಾಣಿಕನ ಹೊಣೆಯ ಮೇಲೆ. ಆ ಹೊಣೆಗಾರನು ಅರಸನಿಗೆ ಉತ್ತರ ಹೇಳಬೇಕು. ಇಂದು ಹಡಗಿನ ಕಂಪನಿಯು ಹೊರುವ ಹೊಣೆಯನ್ನು ಅಂದು ಹುನರ್ಮಾ ಹೊರುತ್ತಿದ್ದನು.

ಇನ್ನೊಂದು ಸಂಗತಿ ಇದಕ್ಕಿಂತಲೂ ಸೊಗಸಾದದ್ದು. ಹಿಂದೆ ಠಾಣೆ ಜಿಲ್ಲೆಯಲ್ಲಿದ್ದು 2014ರಿಂದ ಪಾಲಘರ ಜಿಲ್ಲೆಗೆ ಸೇರಿದ ಚಿಂಚಣಿಯಲ್ಲಿ ಕೆಲವು ತಾಮ್ರಪಟಗಳು ದೊರೆತವು. ಅವುಗಳಲ್ಲಿ ಒಂದು ಶಕವರ್ಷ 848ರದು, ಎಂದರೆ ಕ್ರಿ.ಶ. 926, ರಾಷ್ಟ್ರಕೂಟ ಮೂರನೆಯ ಇಂದ್ರನ ಆಳಿಕೆಯ ಕಾಲ. ಅದರಂತೆ ಸಂಯಾನ ಮಂಡಲವನ್ನು, ಈಗಿನ ಗುಜರಾತಿನ ಸಂಜಾನದ ಪ್ರದೇಶವನ್ನು, ಆಳುತ್ತಿದ್ದವನು ತಾಜಿಕ ಕುಲದ, ಅಂದರೆ ಅರಬ ಮೂಲದ, ಮಧುಮತಿ ಎಂಬವನು. ‘ಮಹಮ್ಮದ’ ಎಂಬ ಹೆಸರು ಸಂಸ್ಕೃತದ ಬಾಯಲ್ಲಿ ‘ಮಧುಮತಿ’ಯಾಗಿದೆ! ಇಮ್ಮಡಿ ಕೃಷ್ಣನು ಅವನಿಗೆ ಆ ಅಧಿಕಾರವನ್ನು ಕೊಟ್ಟಿದ್ದನು. ಅವನು ಸುತ್ತಣ ಬಂದರುಗಳ ನಾಯಕರನ್ನು ಅರಸನ ಪರವಾಗಿ ಹತೋಟಿಗೆ ತಂದನು. ಬರಿಯ ಗೆಲವಷ್ಟೇ ಅಲ್ಲ; ಎರಡು ಹೊಳೆಗಳಿಗೆ ದಾಟುದೋಣಿಯನ್ನು ಇಡಿಸಿದನು; ದಾರಿಹೋಕರಿಗೆ ಅನ್ನ, ಮೇಲೋಗರ, ತುಪ್ಪಗಳನ್ನು ಬಿಟ್ಟಿಯಾಗಿ ಬಡಿಸುವ ಛತ್ರವನ್ನು ನಡೆಸಿದನು. ಆ ಶಾಸನದ ದಾನವಾದರೋ ಅಣ್ಣೈಯನೆಂಬ ಬ್ರಾಹ್ಮಣನು ಕಟ್ಟಿಸಿದ ದೇವಿಯ ಮಠಿಕೆಗೆ ಸಂದದ್ದು. ಅಣ್ಣೈಯನೆಂಬ ಹೆಸರು ನಮ್ಮ ಕಿವಿಗೆ ಕನ್ನಡದಂತೆಯೇ ಕೇಳುತ್ತದೆ. ಅಷ್ಟರಿಂದಲೇ ಅವನು ನಮ್ಮವನೆಂದು ಸಾರಿಬಿಡಲು ನಾವು ಸಿದ್ಧರಿಲ್ಲ. ಆದರೆ ಮಳಖೇಡದ ಅರಸ, ಅರಬ ಅಧಿಕಾರಿ, ಬ್ರಾಹ್ಮಣನ ಮಠ, ಎಲ್ಲರಿಗೂ ತೆರೆದ ಅನ್ನದ ಛತ್ರ, ಇಷ್ಟೂ ಒಂದೇ ತಾಮ್ರಪಟದಲ್ಲಿ ಕೂಡಿರುವಾಗ ಇತಿಹಾಸವು ಉಪದೇಶ ಮಾಡದೆಯೇ ಪಾಠ ಹೇಳುತ್ತದೆ.

ರಾಷ್ಟ್ರಕೂಟರು ಅಳಿದ ಮೇಲೆ ಶಿಲಾಹಾರರು ಸ್ವತಂತ್ರರಂತೆಯೇ ಆಳಿದರು. ‘ಶ್ರೀಸ್ಥಾನಕ’ ಎಂದು ಅವರ ಶಾಸನಗಳು ಕರೆಯುವುದು ನಮ್ಮ ಠಾಣೆಯನ್ನೇ. ಅವರ ಬಿರುದುಗಳಲ್ಲಿ ಕನ್ನಡದ ನುಡಿಗಳು ಬೆರೆತಿರುವುದನ್ನು ವಿದ್ವಾಂಸರು ಎತ್ತಿ ತೋರಿಸಿದ್ದಾರೆ. ಇನ್ನೊಂದು ಬಿರುದು ‘ಶರಣಾಗತ ವಜ್ರಪಂಜರ’, ಮರೆಹೊಕ್ಕವರಿಗೆ ವಜ್ರದ ಕೋಟೆಯಾದವನು ಎಂದು ಅರ್ಥ. ಅಂಬರನಾಥದ ಶಿವಾಲಯ, ಶಕವರ್ಷ 982, ಅಂದರೆ 1060ರದು, ಇವರ ಕಾಲದ್ದೇ. ಅರಸ ಅನಂತದೇವನು ಶಕವರ್ಷ 1016ರಲ್ಲಿ ಬರೆಯಿಸಿದ ಖಾರೇಪಾಟಣದ ತಾಮ್ರಪಟವು ಮಂತ್ರಿಗಳ ಮನೆತನದ ಇಬ್ಬರು ಶ್ರೇಷ್ಠಿಗಳ ಸರಕಿನ ಸಾಗಣೆಗೆ ಸುಂಕವನ್ನು ಮನ್ನಿಸುತ್ತದೆ. ಸ್ಥಾನಕ, ನಾಗಪುರ, ಶೂರ್ಪಾರಕ, ಚೇಮೂಲಿ ಮುಂತಾದ ಬಂದರುಗಳಲ್ಲಿ ಎಂದು ಊರೂರಿನ ಹೆಸರನ್ನೂ ಹೇಳುತ್ತದೆ. ಶೂರ್ಪಾರಕವೆಂದರೆ ಸೋಪಾರ, ಚೇಮೂಲಿಯೆಂದರೆ ಚೌಲ. ಸಿಕ್ಕ ರಿಯಾಯತಿ ದೊಡ್ಡವರಿಗೆ ಮಾತ್ರ, ನಿಜ. ಆದರೂ ಯಾರಿಗೆ, ಎಲ್ಲಿ, ಎಷ್ಟು ಎಂಬುದನ್ನು ತಾಮ್ರದ ಮೇಲೆ ಕೆತ್ತಿಸಿದ್ದರಿಂದ ಕಟ್ಟೆಯ ಸುಂಕದವನ ಮನಬಂದಂತೆ ನಡೆಯುವಂತಿರಲಿಲ್ಲ.

ಇದೇ ಠಾಣೆ ಕೆಟ್ಟ ದಿನಗಳನ್ನೂ ಕಂಡಿತು. 13ನೆಯ ಶತಮಾನದ ಕೊನೆಯಲ್ಲಿ ಮಾರ್ಕೊ ಪೋಲೊ ಹೇಳುವ ಪ್ರಕಾರ ಇಲ್ಲಿಯ ಅರಸನು ಕಡಲುಗಳ್ಳರೊಡನೆ ಒಳಒಪ್ಪಂದ ಮಾಡಿಕೊಂಡಿದ್ದನು: ಸುಲಿಗೆಯಲ್ಲಿ ಸಿಕ್ಕ ಕುದುರೆಗಳೆಲ್ಲ ಅರಸನಿಗೆ, ಉಳಿದದ್ದು ಕಳ್ಳರಿಗೆ. ಹೊಣೆ ಹೊರಬೇಕಾದವನೇ ಪಾಲುಗಾರನಾದರೆ ದಡಕ್ಕಿಳಿದವನ ಗತಿಯೇನು? 1321ರಲ್ಲಿ ನಡೆದದ್ದು ಇನ್ನೂ ಮರುಕದ ಸಂಗತಿ. ಹೊರ್ಮುಜಿನಿಂದ ಕೊಲ್ಲಮ್ಮಿಗೆ ಹೋಗಬೇಕೆಂದು ಹಡಗು ಹತ್ತಿದ ನಾಲ್ವರು ಕ್ರೈಸ್ತ ಸನ್ಯಾಸಿಗಳು ತಮ್ಮ ಇಚ್ಛೆಗೆ ವಿರುದ್ಧವಾಗಿ ಠಾಣೆಗೆ ಬಂದಿಳಿಯಬೇಕಾಯಿತು. ಇಂದಿನ ಮಾತಿನಲ್ಲಿ ಹೇಳುವುದಾದರೆ ಅವರು ಹಾದುಹೋಗುವ ಪ್ರಯಾಣಿಕರು. ಠಾಣೆಯಲ್ಲಿ ಅವರಿಗೇನೂ ಕೆಲಸವಿರಲಿಲ್ಲ. ಇಲ್ಲಿಯ ಕ್ರೈಸ್ತರೊಬ್ಬರ ಮನೆಯಲ್ಲಿ ಅವರು ತಂಗಿದರು. ಆ ಮನೆಯ ಜಗಳವೊಂದು ಕಾಜಿಯವರೆಗೆ ಹೋಗಿ, ಸನ್ಯಾಸಿಗಳನ್ನೂ ಕರೆಯಿಸಿ, ಧರ್ಮವಾದ ಬೆಳೆದು, ಕಡೆಗೆ ಊರ ಅಧಿಕಾರಿಯ ಕೈಯಿಂದ ಅವರು ಪ್ರಾಣ ಕಳೆದುಕೊಂಡರು. ಮರುವರ್ಷದ ಹೊತ್ತಿಗೆ ಬಂದ ಓಡೋರಿಕನೆಂಬ ಸನ್ಯಾಸಿ ಅವರ ಅಸ್ಥಿಗಳನ್ನು ಚೀನದವರೆಗೆ ಒಯ್ದನು. ದಿಲ್ಲಿಯ ಸುಲ್ತಾನನು ಆ ಅಧಿಕಾರಿಗೆ ಶಿಕ್ಷೆ ವಿಧಿಸಿದನೆಂದೂ ಅವನೇ ಬರೆದಿದ್ದಾನೆ. ಅವರ ಹಿಂದೆ ಹೊಣೆಗಾರರಿರಲಿಲ್ಲ. ಅವರನ್ನು ತಂದ ಹಡಗೂ ಅವರಿಗಾಗಿ ಕಾಯಲಿಲ್ಲ.

ಇಂಥ ಭಯವನ್ನು ನೀಗಿಸಲು ಬೇರೆ ಕಡೆಯ ಅರಸರೂ ಪ್ರಯತ್ನಪಟ್ಟರು. ಬಿರುಗಾಳಿಗೆ ಸಿಕ್ಕಿ ದಡಕ್ಕೆ ಬಿದ್ದ ಹಡಗಿನ ಸರಕನ್ನು ಹಿಂದಿನ ಅರಸರು ಕಸಿಯುತ್ತಿದ್ದರು, ತಾನು ಗೊತ್ತಾದ ಸುಂಕವನ್ನು ಹೊರತು ಬೇರೇನನ್ನೂ ಮುಟ್ಟುವುದಿಲ್ಲ ಎಂದು ಕಾಕತೀಯ ಗಣಪತಿದೇವನು 1244ರ ಸುಮಾರಿಗೆ ಆಂಧ್ರ ತೀರದ ಮೋಟುಪಲ್ಲಿಯಲ್ಲಿ ಅಭಯಶಾಸನವನ್ನು ಕೆತ್ತಿಸಿದನು. 1443ರಲ್ಲಿ ವಿಜಯನಗರಕ್ಕೆ ಮಂಗಳೂರಿನ ಮಾರ್ಗವಾಗಿ ಬಂದ ಪರ್ಶಿಯಾದ ರಾಯಭಾರಿ ಅಬ್ದುರ್ ರಜಾಕನೂ ಇದೇ ಮಾತನ್ನೆತ್ತಿದ್ದಾನೆ. ಬೇರೆ ಬಂದರುಗಳಲ್ಲಿ ದಾರಿತಪ್ಪಿ ಬಂದ ಹಡಗನ್ನು ದೇವರು ಕೊಟ್ಟದ್ದೆಂದು ಸುಲಿಯುತ್ತಾರೆ; ಕಲ್ಲಿಕೋಟೆಯಲ್ಲಿ ಮಾತ್ರ ಎಲ್ಲಿಂದ ಬಂದರೂ ಎಲ್ಲಿಗೆ ಹೊರಟಿದ್ದರೂ ಹಡಗಿಗೆ ಒಂದೇ ನ್ಯಾಯ ಎಂದು ಅವನು ಮೆಚ್ಚಿ ಬರೆದನು. ಅವನು ಮರಳಿ ಹೋಗುವಾಗ ಹಡಗಿಗಾಗಿ ಕಾದದ್ದು ನಮ್ಮ ಹೊನ್ನಾವರದಲ್ಲಿ.

ಮುಂದೆ ಪೋರ್ತುಗೀಜರು ಬಂದರು. 1534ರ ಒಪ್ಪಂದದಿಂದ ವಸಯಿಯ ಪ್ರದೇಶ ಅವರ ಕೈಸೇರಿತು. 1737ರಲ್ಲಿ ಮರಾಠರು ಗೆಲ್ಲುವವರೆಗೆ ಠಾಣೆ ಅವರದಾಗಿಯೇ ಇತ್ತು. ಅವರು ಬಂದರಿಗಷ್ಟೇ ಅಲ್ಲ, ಸಮುದ್ರಕ್ಕೇ ರಹದಾರಿಯನ್ನು ಕಟ್ಟಿದರು. ‘ಕರ್ತಾಜ್’ ಎಂಬ ಅವರ ಚೀಟಿಯಿಲ್ಲದೆ ನೀರಿಗಿಳಿದ ನಮ್ಮ ಹಡಗುಗಳು ಸೆರೆಯಾಗುತ್ತಿದ್ದವು. ಗುಜರಾತದಿಂದ ಮಲಬಾರದವರೆಗೆ, ನಡುವೆ ಭಟ್ಕಳ, ಹೊನ್ನಾವರ, ಬಸರೂರುಗಳ ಕನ್ನಡ ವ್ಯಾಪಾರಿಗಳೂ ತಮ್ಮದೇ ಕಡಲಿನಲ್ಲಿ ಪರರ ಚೀಟಿಯನ್ನು ಹಿಡಿಯಬೇಕಾಯಿತು. ಕಾವಲಿನ ಹೆಸರಿನಲ್ಲಿ ಸುಲಿಗೆ ಹೇಗೆ ನಡೆಯಬಹುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಆ ಪೋರ್ತುಗೀಜರ ಕಡೆಯ ನೆರಳು ನಮ್ಮ ಹಿರಿಯರ ಬಾಳಿನ ಮೇಲೂ ಬಿದ್ದಿತ್ತು. 1961ರವರೆಗೆ ಗೋವೆಯು ಪರದೇಶದ ನೆಲವಾಗಿತ್ತು. ಕಾರವಾರದ ಕಡೆಯ ಎಷ್ಟೋ ಮನೆತನಗಳಿಗೆ ಕುಲದೇವರು ಗೋವೆಯಲ್ಲಿ, ಬೀಗರು ಗೋವೆಯಲ್ಲಿ. 1954ರಲ್ಲಿ ಸಂಚಾರಕ್ಕೆ ವೀಸಾದ ನಿರ್ಬಂಧಗಳು ಬಂದವು. 1955ರಲ್ಲಿ ರೈಲಿನ ಸಂಚಾರವೂ ನಿಂತಿತು. ಮಜಾಳಿಯ ಆಚೆ ಕೂಗಳತೆಯ ದೂರದಲ್ಲಿದ್ದ ದೇವರಿಗೆ ಹಣ್ಣುಕಾಯಿ ಮಾಡಿಸಲು ಎರಡು ಸರಕಾರಗಳ ಅಪ್ಪಣೆ ಬೇಕಾಯಿತು. 1961ರ ನವೆಂಬರಿನಲ್ಲಿ ಕಾರವಾರದೆದುರಿನ ಅಂಜದೀವ ದ್ವೀಪದಿಂದ ಪೋರ್ತುಗೀಜರು ‘ಸಾಬರಮತಿ’ ಎಂಬ ಪ್ರಯಾಣಿಕರ ಸ್ಟೀಮರಿನ ಮೇಲೆ ಗುಂಡು ಹಾರಿಸಿದರು. ಅದು ದಡಕ್ಕಿಳಿಯಲು ಬಂದ ಹಡಗೂ ಅಲ್ಲ, ತನ್ನ ಪಾಡಿಗೆ ಹಾದುಹೋಗುತ್ತಿದ್ದ ಹಡಗು. ಮರು ತಿಂಗಳ 19ರಂದು ಗೋವೆ ವಿಮೋಚನೆಗೊಂಡಿತು. ಅಂಜಿಕೆಯೂ ಅಪ್ಪಣೆಚೀಟಿಯೂ ಒಟ್ಟಿಗೇ ಮಾಯವಾದವು.

ಅದೇ ಕಡಲಿನ ದಾರಿಯಲ್ಲಿ ನಮ್ಮಲ್ಲಿ ಅನೇಕರ ತಂದೆ, ಅಜ್ಜಂದಿರು ಮುಂಬಯಿಗೆ ಬಂದರು. ಮಂಗಳೂರು, ಕಾರವಾರಗಳಲ್ಲಿ ದೋಣಿಯಿಂದ ಸ್ಟೀಮರಿಗೆ ಹತ್ತಿ, ಅಟ್ಟದ ಮೇಲೆ ಚಾಪೆ ಹಾಸಿ, ಅವಲಕ್ಕಿಯ ಗಂಟನ್ನು ತಲೆದಿಂಬು ಮಾಡಿಕೊಂಡು ಬಂದರು. ಮಳೆಗಾಲದಲ್ಲಿ ಆ ದಾರಿಯೂ ಮುಚ್ಚಿರುತ್ತಿತ್ತು. ಹುಬ್ಬಳ್ಳಿ, ಗದಗ, ವಿಜಾಪುರದ ಕಡೆಯವರು ಘಾಟಿ ಇಳಿದು ರೈಲಿನಲ್ಲಿ ಬಂದರು. ಅವರ ಪಾಲಿಗೆ ಕಲ್ಯಾಣ ಜಂಕ್ಷನ್ನೇ ಬಂದರಾಯಿತು. ಒಂದೇ ದೇಶವಾದ್ದರಿಂದ ವೀಸಾ ಬೇಕಿರಲಿಲ್ಲ, ನಿಜ. ಆದರೆ ಹೊಣೆ ಬೇಕಿತ್ತು. ಪ್ರತಿಯೊಬ್ಬನ ಅಂಗಿಯ ಕಿಸೆಯಲ್ಲಿ ಒಂದು ಚೀಟಿ ಇರುತ್ತಿತ್ತು. ಅದರಲ್ಲಿ ಊರವರೊಬ್ಬರ ವಿಳಾಸ ಇರುತ್ತಿತ್ತು. ಹೋಟೆಲಿನ ಮಾಣಿಯೋ, ಗಿರಣಿಯ ಕಾರಕೂನನೋ, ಚಾಳಿನ ಹತ್ತು ಅಡಿ ಕೋಣೆಯಲ್ಲಿ ಆಗಲೇ ಆರು ಜನರನ್ನಿಟ್ಟುಕೊಂಡ ದೂರದ ಸೋದರಮಾವನೋ, ಯಾರಾದರೊಬ್ಬರು “ಇವನು ನಮ್ಮವನು, ಇವನಿಗೆ ನಾನಿದ್ದೇನೆ” ಎಂದು ಕೆಲಸ ಕೊಡುವವನ ಮುಂದೆ ನಿಲ್ಲುತ್ತಿದ್ದರು. ಹಗಲು ದುಡಿದು ರಾತ್ರಿಶಾಲೆಯಲ್ಲಿ ಕಲಿತು ಮೇಲೆ ಬಂದವರೆಲ್ಲ ಇಂಥ ಒಂದು ಮಾತಿನ ಬಲದ ಮೇಲೆಯೇ ದಡಕ್ಕಿಳಿದವರು. ನಮ್ಮ ಚಾಳಿಗೂ ಒಬ್ಬ ಹುನರ್ಮಾ ಇದ್ದನು, ಅವನ ಹೆಸರನ್ನು ಯಾರೂ ತಾಮ್ರಪಟದಲ್ಲಿ ಬರೆಯಿಸಲಿಲ್ಲ ಅಷ್ಟೆ. ನಮ್ಮ ಕನ್ನಡ ಸಂಘಗಳು ಹುಟ್ಟಿದ್ದೂ ಇಂಥವರ ಮನೆಯ ಪಡಸಾಲೆಯಲ್ಲಿಯೇ.

ಈಗ ಕಾಲ ಬದಲಾಗಿದೆ. 1970ರಲ್ಲಿ ಸಿಡ್ಕೊ ಸ್ಥಾಪನೆಯಾಗಿ ಖಾಡಿಯ ಆಚೆಯ ದಡದಲ್ಲಿ ನವಿ ಮುಂಬಯಿ ಎದ್ದಿತು. 1989ರಲ್ಲಿ ನ್ಹಾವಾ ಶೇವಾ ಬಂದರು ತೆರೆಯಿತು. ಕಲ್ಯಾಣಕ್ಕೂ ಠಾಣೆಗೂ ಸಲ್ಲುತ್ತಿದ್ದ ವ್ಯಾಪಾರದ ಭಾಗ್ಯ ಈಗ ಅಲ್ಲಿದೆ. 2025ರ ಸೆಪ್ಟೆಂಬರಿನಲ್ಲಿ ಮುಂಬಯಿ ಬಂದರಿನಲ್ಲಿ ವಿಹಾರ ನೌಕೆಗಳಿಗಾಗಿಯೇ ಹೊಸ ನಿಲ್ದಾಣವನ್ನು ಉದ್ಘಾಟಿಸಲಾಯಿತು. ನಾಳೆ ನಮ್ಮ ಮೊಮ್ಮಕ್ಕಳು ಅಲ್ಲಿಂದ ಹಡಗು ಹತ್ತಿ ಲೋಕ ಸುತ್ತುವರು. ಲೋಕದ ಜನ ಅಲ್ಲಿಗೆ ಬಂದಿಳಿಯುವರು. ಹೋಗುವವರಿಗೆ ನಾವು ಹೇಳಬೇಕಾದದ್ದಿಷ್ಟೆ: ಪರದೇಶದ ಬಂದರಿನಲ್ಲಿ ನಿಮ್ಮನ್ನು ವೀಸಾ ಇಲ್ಲದೆ ಬಿಟ್ಟರೆ ಅದು ನಿಮ್ಮ ಹಣಕ್ಕೆ ಸಂದ ಗೌರವವಲ್ಲ, ಮಾತಿಗೆ ಸಂದ ಗೌರವ, ಹೇಳಿದ ಹೊತ್ತಿಗೆ ಹಡಗಿಗೆ ಮರಳಿ ಆ ಮಾತನ್ನು ಉಳಿಸಿರಿ. ನೀವು ತಪ್ಪಿದರೆ ನಿಮ್ಮ ಹಿಂದೆ ಬರುವವನಿಗೆ ಬಾಗಿಲು ಮುಚ್ಚೀತು.

ಇನ್ನು ಇಲ್ಲಿರುವ ನಮಗೆ? ಈ ವರ್ಷವೂ ಕಲಬುರ್ಗಿಯ ಕಡೆಯಿಂದ, ಯಾದಗಿರಿಯ ಕಡೆಯಿಂದ ದುಡಿಯಲು ಬಂದ ಕುಟುಂಬಗಳು ನಮ್ಮ ಕಟ್ಟಡಗಳ ಪಕ್ಕದ ತಗಡಿನ ಮನೆಗಳಲ್ಲಿವೆ. ಅವರ ಮಕ್ಕಳಿಗೆ ಶಾಲೆಯ ಅರ್ಜಿ ತುಂಬಿಸುವವರಿಲ್ಲ, ಆಸ್ಪತ್ರೆಯಲ್ಲಿ ಮಾತು ತಿಳಿಸಿಕೊಡುವವರಿಲ್ಲ. ನಮ್ಮನ್ನು ಒಂದು ಕಾಲಕ್ಕೆ ಯಾರೋ ಹೊಣೆ ಹೊತ್ತು ಇಳಿಸಿಕೊಂಡರು. ಮರಾಠಿಯ ನೆರೆಹೊರೆಯವರು ತಮ್ಮ ಓಣಿಯಲ್ಲಿ ಜಾಗ ಕೊಟ್ಟರು. ಆ ಸಾಲವನ್ನು ಕೊಟ್ಟವರಿಗೇ ತೀರಿಸಲಾಗದು. ಮುಂದೆ ಬಂದವರಿಗೆ ತೀರಿಸಬೇಕು. ರಾಜ್ಯೋತ್ಸವದ ದಿನ ಬಾವುಟ ಏರಿಸುವ ಪ್ರತಿಯೊಂದು ಮನೆಯೂ ಹೊಸದಾಗಿ ಬಂದ ಒಂದು ಮನೆಯ ಹೊಣೆಯನ್ನು ಹೊತ್ತರೆ ಉತ್ಸವ ಸಾರ್ಥಕವಾದೀತು.

ನಾಳೆ ಗಾಡಿಯಲ್ಲಿ ಹೋಗುವಾಗ, ಮುಂಬ್ರಾ ಬಂದ ಕೂಡಲೆ ಒಮ್ಮೆ ಖಾಡಿಯ ಕಡೆಗೆ ತಿರುಗಿ ನೋಡಿರಿ. ಕಾವಲಿನವರು ಭರೂಚಕ್ಕೆ ಅಟ್ಟಿದ ಗ್ರೀಕನೂ, ಛತ್ರದಲ್ಲಿ ತುಪ್ಪ ಬಡಿಸಿದ ಮಧುಮತಿಯೂ, ಚೀಟಿಯನ್ನು ಕಿಸೆಯಲ್ಲಿಟ್ಟುಕೊಂಡು ಬಂದ ನಿಮ್ಮ ಅಜ್ಜನೂ ಬಂದದ್ದು ಇದೇ ಕಡಲ ದಾರಿಯಿಂದ.